ಲಿವರ್ ಕಾಯಿಲೆಯವರಿಗೆ ಗಂಜಿ ಪಥ್ಯ ಸಾಕಾ? ಅಮೈನೋ ಆಸಿಡ್ ಪುಡಿ ಕೊಡಬೇಕಾ?

ಶಿರಸಿ ಸೀಮೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಲಿವರ್ ಸಿರೋಸಿಸ್ ಇದೆ, ಅಂದರೆ ಲಿವರ್ ಗಾಯ ಕಟ್ಟಿ ಗಡುಸಾಗಿದೆ. ಕುಡಿತ ಇಲ್ಲ. ಹಳೆಯ ಸಕ್ಕರೆ ಕಾಯಿಲೆ, ಅದರ ಜೊತೆ ಫ್ಯಾಟಿ ಲಿವರ್, ಅಲ್ಲಿಂದ ಇಲ್ಲಿಗೆ ಬಂದು ನಿಂತಿದೆ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಈಗ ಮಾತ್ರೆಯಿಂದ ಇಳಿದಿದೆ. ಲ್ಯಾಕ್ಟುಲೋಸ್ ಸಿರಪ್ಪೂ ನಡೀತಾ ಇದೆ.

ಸಮಸ್ಯೆ ಊಟದ್ದು. ಡಾಕ್ಟರು "ಪ್ರೊಟೀನ್ ಜಾಸ್ತಿ ಕೊಡಿ" ಎಂದು ಚೀಟಿಯಲ್ಲಿ ಬರೆದಿದ್ದಾರೆ. ಮನೆಗೆ ಬಂದವರೆಲ್ಲ "ಲಿವರಿಗೆ ಭಾರ ಮಾಡಬೇಡಿ, ಗಂಜಿ, ತಂಬುಳಿ ಸಾಕು" ಎನ್ನುತ್ತಾರೆ. ಆಯಿಯೂ ಅದನ್ನೇ ನಂಬಿದ್ದಾಳೆ. ಬೇಳೆ ಇಲ್ಲ, ಹಾಲಿಲ್ಲ, ಎಣ್ಣೆ ತುಪ್ಪ ಮೊದಲೇ ಇಲ್ಲ. ಅಪ್ಪಯ್ಯನ ತೋಳು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೈ ಊರದೆ ಕುರ್ಚಿಯಿಂದ ಏಳಲಿಕ್ಕೆ ಆಗ್ತಾ ಇಲ್ಲ.

ಬೆಂಗಳೂರಿನ ಭಾವ ಒಂದು ಡಬ್ಬಿ ಬಿಸಿಎಎ ಪುಡಿ (ಜಿಮ್‌ನವರು ತಗೊಳ್ಳುವ ಅಮೈನೋ ಆಸಿಡ್ ಪುಡಿ) ಕಳಿಸಿದ್ದಾನೆ. ಲಿವರ್ ರೋಗಿಗಳಿಗೆ ಒಳ್ಳೆಯದು ಎಂದು ಎಲ್ಲೋ ಓದಿದನಂತೆ. ಕೊಡಬಹುದಾ? ತಿಳಿದವರು ಹೇಳಿ.

ಯಲ್ಲಾಪುರ ತೋಟಿಗ:
ತಮ್ಮಾ, ಸ್ವಲ್ಪ ಜಾಗ್ರತೆ. ನಮ್ಮ ಅಣ್ಣನಿಗೆ ಇದೇ ಕಾಯಿಲೆ ಇತ್ತು. ಆಗ ಡಾಕ್ಟರೇ ಬೇಳೆ, ಕಾಳು, ಹಾಲು ಎಲ್ಲ ಬಿಡಿಸಿದ್ದರು. ಪ್ರೊಟೀನಿನಿಂದ ಅಮೋನಿಯಾ ಆಗುತ್ತದೆ, ಅದು ತಲೆಗೇರಿದರೆ ಮಂಕು ಕವಿಯುತ್ತದೆ ಎಂದು. ನಾನು ಪಥ್ಯದ ಪರವಾಗಿಯೇ ಇದ್ದೇನೆ.

ಹೊನ್ನಾವರ ಜಿಮ್:
ಅಣ್ಣ, ನಾನು ಬಿಸಿಎಎ ದಿನಾ ತಗೊಳ್ತೇನೆ. ಅದರಲ್ಲಿ ಇರೋದು ಮೂರೇ ಮೂರು ಅಮೈನೋ ಆಸಿಡ್, ಅಂದರೆ ಪ್ರೊಟೀನ್ ಕಟ್ಟುವ ಇಟ್ಟಿಗೆಗಳು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ಊಟದಲ್ಲಿ ಇರೋದೇ. ಕೊಟ್ಟರೆ ಏನು ತೊಂದರೆ?

ಕುಮಟಾದ ಆಹಾರತಜ್ಞೆ:
ನಾನು ಕುಮಟಾದವಳು, ಹುಬ್ಬಳ್ಳಿಯಲ್ಲಿ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ಲಿವರ್ ರೋಗಿಗಳ ಊಟ ನೋಡೋದೇ ನನ್ನ ಕೆಲಸ. ಘಟ್ಟದ ಮೇಲಿನವರು, ಕರಾವಳಿಯವರು ಇಬ್ಬರೂ ಬರುತ್ತಾರೆ. ಇಬ್ಬರ ಮನೆಯಲ್ಲೂ ಇದೇ ಗಂಜಿ ಪಥ್ಯ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ತೋಟಿಗ ಅಣ್ಣನ ಮಾತು. ನಿಮ್ಮ ಅಣ್ಣನಿಗೆ ಹಾಗೆ ಹೇಳಿದ್ದು ಆ ಕಾಲಕ್ಕೆ ಎಲ್ಲ ಕಡೆ ಇದ್ದ ಪದ್ಧತಿ. ಪುಸ್ತಕದಲ್ಲೂ ಹಾಗೇ ಇತ್ತು. ಆಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಿದರು. 2004ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ, ಮಂಕು ಕವಿದು ಆಸ್ಪತ್ರೆ ಸೇರಿದ ಸಿರೋಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರೊಟೀನ್ ಕಡಿಮೆ, ಇನ್ನೊಂದಕ್ಕೆ ಮಾಮೂಲಿನಷ್ಟೇ. ಪ್ರೊಟೀನ್ ಕಡಿಮೆ ಮಾಡಿದವರು ಬೇಗ ಹುಷಾರಾಗಲಿಲ್ಲ. ಅವರ ಮೈಯ ಪ್ರೊಟೀನ್ ಮಾತ್ರ ಜಾಸ್ತಿ ಕರಗಿತು. ಈಗ ಯುರೋಪಿನ ಲಿವರ್ ಸಂಘದ ಮಾರ್ಗಸೂಚಿ ಇರಲಿ, ಪೋಷಣೆ ಸಂಘದ ಮಾರ್ಗಸೂಚಿ ಇರಲಿ, ಎರಡರಲ್ಲೂ ಒಂದೇ ಮಾತು: ಸಿರೋಸಿಸ್ ಇರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್. ಮಂಕು ಇದೆ ಎಂದು ಪ್ರೊಟೀನ್ ಕಡಿಮೆ ಮಾಡಬೇಡಿ ಎಂದೂ ಬರೆದಿದ್ದಾರೆ.

ಕಾರಣ ಸರಳ. ಲಿವರ್ ಅಂದರೆ ನಮ್ಮ ಮೈಯ ಕಣಜ. ಹಗಲು ಉಂಡದ್ದರಲ್ಲಿ ಸ್ವಲ್ಪ ಸಕ್ಕರೆ ಅಲ್ಲಿ ಕೂಡಿಟ್ಟಿರುತ್ತದೆ, ರಾತ್ರಿ ಅದನ್ನೇ ತೆಗೆದು ಖರ್ಚು ಮಾಡುತ್ತೇವೆ. ಸಿರೋಸಿಸ್‌ನಲ್ಲಿ ಈ ಕೂಡಿಡುವ ಶಕ್ತಿ ಹೋಗಿರುತ್ತದೆ. ಆಗ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಆರೋಗ್ಯವಂತ ಮನುಷ್ಯ ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯಲ್ಲಿ ಏನಾಗುತ್ತದೋ, ಸಿರೋಸಿಸ್ ಇರುವವರಿಗೆ ಒಂದು ರಾತ್ರಿಯಲ್ಲೇ ಹೆಚ್ಚು ಕಡಿಮೆ ಅಷ್ಟು ಆಗುತ್ತದೆ. ನಿಮ್ಮ ಅಪ್ಪಯ್ಯನ ತೋಳು ಕರಗಿದ್ದು ಹೀಗೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲಿವರ್ ಸೋತಾಗ ಅಮೋನಿಯಾವನ್ನು ಹಿಡಿದು ಹಾಕುವ ಕೆಲಸಕ್ಕೆ ಮಾಂಸಖಂಡವೇ ಕೈ ಜೋಡಿಸುತ್ತದೆ. ಮಾಂಸಖಂಡ ಕರಗಿತು ಎಂದರೆ ಆ ಸಹಾಯವೂ ಹೋಯಿತು. ಅಂದರೆ ಅಮೋನಿಯಾಕ್ಕೆ ಹೆದರಿ ಪ್ರೊಟೀನ್ ಬಿಡಿಸಿದರೆ ಕೊನೆಗೆ ಅಮೋನಿಯಾವೇ ಜಾಸ್ತಿ ಆಗುತ್ತದೆ.

ಯಲ್ಲಾಪುರ ತೋಟಿಗ:
ಇದು ಹೊಸ ವಿಷಯ ನನಗೆ. ಆದರೂ ಒಂದು ಸಂಶಯ. ಮಂಕು ಬಂದಾಗ ಮತ್ತೇನು ಕಾರಣ ಹಾಗಾದರೆ? ಊಟ ಅಲ್ಲವೇ ಅಲ್ಲ ಅಂತೀರಾ?

ಕುಮಟಾದ ಆಹಾರತಜ್ಞೆ:
ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ. ಮಲಬದ್ಧತೆ, ಸೋಂಕು, ಹೊಟ್ಟೆಯೊಳಗೆ ರಕ್ತಸ್ರಾವ, ನೀರಿನ ಮಾತ್ರೆ ಜಾಸ್ತಿಯಾಗಿ ಮೈ ಒಣಗುವುದು, ನಿದ್ದೆ ಮಾತ್ರೆ. ಲ್ಯಾಕ್ಟುಲೋಸ್ ಕೊಡೋದು ಮಲ ಕಟ್ಟದೆ ಅಮೋನಿಯಾ ಹೊರಗೆ ಹೋಗಲಿ ಎಂದೇ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಹೋಗಬೇಕು. ಭೇದಿ ಆಗುವಷ್ಟು ಕೊಟ್ಟರೆ ಅದೂ ತೊಂದರೆ.

ಬೇಳೆ, ಕಾಳು, ಹಾಲು, ಮೊಸರಿನ ಪ್ರೊಟೀನು ಇಂಥವರಿಗೆ ಮಾಂಸದ ಪ್ರೊಟೀನಿಗಿಂತ ಚೆನ್ನಾಗಿ ಒಗ್ಗುತ್ತದೆ. ಕಾಳಿನಲ್ಲಿ ನಾರೂ ಇದೆ. ನಮ್ಮ ಕಡೆ ಪಥ್ಯ ಎಂದು ಮೊದಲು ಬಿಡಿಸುವುದು ಇದನ್ನೇ, ಅದೇ ನನಗೆ ಸಂಕಟ.

ಶಿರಸಿ ಸೀಮೆ:
ಅಕ್ಕ, ಮಂಕು ಬರ್ತಾ ಇದೆ ಎಂದು ಮೊದಲೇ ಹೇಗೆ ತಿಳಿಯೋದು? ಕಳೆದ ಸಲ ನಮಗೆ ಗೊತ್ತಾದದ್ದು ಸೊಸೈಟಿಯಲ್ಲಿ. ಅಡಿಕೆ ಹಾಕಿ ಬಂದ ಚೀಟಿಗೆ ಅಪ್ಪಯ್ಯ ಸಹಿ ಮಾಡಿದ್ದರು. ಯಾವಾಗಲೂ ಮುತ್ತಿನಂಥ ಅಕ್ಷರ ಅವರದ್ದು. ಅವತ್ತು ಹೆಸರಿನ ಕೊನೆ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು. ಗುಮಾಸ್ತರು ಸಹಿ ತಾಳೆಯಾಗ್ತಿಲ್ಲ ಎಂದು ಫೋನ್ ಮಾಡಿದರು.

ಕುಮಟಾದ ಆಹಾರತಜ್ಞೆ:
ಆ ಗುಮಾಸ್ತರು ದೊಡ್ಡ ಉಪಕಾರ ಮಾಡಿದರು. ಅಕ್ಷರ ಕೆಡುವುದು ನಿಜವಾದ ಲಕ್ಷಣ. ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆಸಿ. ಹಗಲು ನಿದ್ದೆ, ರಾತ್ರಿ ಎಚ್ಚರ ಆಗ್ತಿದ್ದರೆ, ಕೈ ಮುಂದೆ ಚಾಚಿ ಹಿಡಿದಾಗ ಹಸ್ತ ತಟತಟ ಬಡಿದರೆ, ಮಾತು ತಡವರಿಸಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕಪ್ಪು ಮಲ, ಜ್ವರ, ಹೊಟ್ಟೆ ನೋವು ಇದ್ದರೆ ಬೆಳಗಿನ ತನಕ ಕಾಯಬೇಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಹೇಗಿರುತ್ತದೋ ಹೇಳಲಿಕ್ಕಾಗದು, ಬೇಗ ಹೊರಡಿ.

ಹೊನ್ನಾವರ ಜಿಮ್:
ಮೇಡಂ, ಬಿಸಿಎಎ ವಿಷಯ ಹೇಳಲೇ ಇಲ್ಲ ನೀವು.

ಕುಮಟಾದ ಆಹಾರತಜ್ಞೆ:
ಹೇಳ್ತೇನೆ ತಮ್ಮಾ. ನಿನ್ನ ಪ್ರಶ್ನೆ ಸರಿಯಾಗಿದೆ. ಆ ಮೂರು ಅಮೈನೋ ಆಸಿಡ್‌ಗಳಿಗೆ ಒಂದು ವಿಶೇಷ ಇದೆ. ಬೇರೆಯವು ಮುಖ್ಯವಾಗಿ ಲಿವರಿನಲ್ಲಿ ಒಡೆಯುತ್ತವೆ, ಇವು ಮಾಂಸಖಂಡದಲ್ಲಿ. ಸಿರೋಸಿಸ್‌ನಲ್ಲಿ ಮಾಂಸಖಂಡ ಅಮೋನಿಯಾ ಹಿಡಿಯುವ ಕೆಲಸಕ್ಕೆ ಇವನ್ನೇ ಖರ್ಚು ಮಾಡುತ್ತದೆ. ಹಾಗಾಗಿ ರಕ್ತದಲ್ಲಿ ಈ ಮೂರೂ ಇಳಿಯುತ್ತವೆ. ಇತ್ತ ಫಿನೈಲ್‌ಅಲನಿನ್, ಟೈರೋಸಿನ್ ಎಂಬವನ್ನು ಲಿವರ್ ಒಡೆಯಲಾರದೆ ಅವು ಏರುತ್ತವೆ. ಆ ಮೂರರ ಮೊತ್ತವನ್ನು ಈ ಎರಡರ ಮೊತ್ತದಿಂದ ಭಾಗಿಸಿದರೆ ಬರುವುದನ್ನು ಫಿಶರ್ ಅನುಪಾತ ಎನ್ನುತ್ತಾರೆ. ಆರೋಗ್ಯವಂತರಲ್ಲಿ 3ಕ್ಕಿಂತ ಮೇಲೆ ಇರುವುದು, ಕಾಯಿಲೆ ಬಲಿತಾಗ 1ರ ಹತ್ತಿರ ಬರುತ್ತದೆ. ಇಳಿದದ್ದನ್ನು ತುಂಬಿಕೊಟ್ಟರೆ ಹೇಗೆ ಎಂಬ ಯೋಚನೆಯಿಂದಲೇ ಬಿಸಿಎಎ ಚಿಕಿತ್ಸೆ ಹುಟ್ಟಿದ್ದು.

ಪರೀಕ್ಷೆಗಳೂ ಆಗಿವೆ. ಜಪಾನಿನಲ್ಲಿ 646 ರೋಗಿಗಳ ಮೇಲೆ ಎರಡು ವರ್ಷ ಮಾಡಿದ್ದು 2005ರಲ್ಲಿ ಪ್ರಕಟವಾಯಿತು. ದಿನಕ್ಕೆ 12 ಗ್ರಾಂ ಬಿಸಿಎಎ ತೆಗೆದುಕೊಂಡ ಗುಂಪಿನಲ್ಲಿ ಲಿವರ್ ಫೇಲ್ ಆಗುವಂಥ ದೊಡ್ಡ ತೊಂದರೆಗಳು ಕಡಿಮೆ ಕಂಡವು. 2017ರಲ್ಲಿ ಕೊಕ್ರೇನ್ ಸಂಸ್ಥೆಯವರು 16 ಪರೀಕ್ಷೆಗಳನ್ನು, ಒಟ್ಟು 827 ಜನರ ಲೆಕ್ಕವನ್ನು ಒಟ್ಟಿಗೆ ನೋಡಿದರು. ಮಂಕಿನ ಮೇಲೆ ಒಳ್ಳೆಯ ಪರಿಣಾಮ ಇದೆ, ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರು. ಅಂದರೆ ಇದು ಸುಳ್ಳು ವಸ್ತುವಲ್ಲ, ಸಂಜೀವಿನಿಯೂ ಅಲ್ಲ. ಮಂಕು ಪದೇ ಪದೇ ಬರುವವರಿಗೆ, ಊಟದಲ್ಲಿ ಪ್ರೊಟೀನ್ ಸಾಕಷ್ಟು ಇಳಿಯದವರಿಗೆ ಡಾಕ್ಟರು ನೋಡಿ ಕೊಡುತ್ತಾರೆ. ಕಿಲೋ ತೂಕಕ್ಕೆ 0.25 ಗ್ರಾಂ ಎಂಬುದು ಮಾರ್ಗಸೂಚಿಯ ಲೆಕ್ಕ.

ಈಗ ನಿನ್ನ ಜಿಮ್ ಡಬ್ಬಿ. ಮಾಂಸಖಂಡ ಕಟ್ಟಲು ಹೊರಗಿನಿಂದಲೇ ಬರಬೇಕಾದ ಅಮೈನೋ ಆಸಿಡ್ ಒಂಬತ್ತು. ಡಬ್ಬಿಯಲ್ಲಿ ಮೂರು ಇವೆ, ಉಳಿದ ಆರು ಎಲ್ಲಿಂದ ಬರಬೇಕು? ಬೇಳೆ, ಹಾಲು ಬಿಡಿಸಿ ಬರೀ ಬಿಸಿಎಎ ಕೊಟ್ಟರೆ ಗೋಡೆ ಏಳೋದಿಲ್ಲ. ಮತ್ತೆ ಜಿಮ್‌ಗೆ ಬರುವ ಕೆಲವು ಪುಡಿಗಳಲ್ಲಿ ಕೆಫೀನ್, ಗ್ರೀನ್ ಟೀ ಸಾರ ಸೇರಿಸಿರುತ್ತಾರೆ. ಗ್ರೀನ್ ಟೀ ಸಾರದ ಗುಳಿಗೆಗಳಿಂದ ಲಿವರ್ ಕೆಟ್ಟ ಉದಾಹರಣೆಗಳು ದಾಖಲಾಗಿವೆ. 2024ರಲ್ಲಿ ಕೇರಳದ ಲಿವರ್ ವೈದ್ಯರ ತಂಡ ನಮ್ಮ ದೇಶದಲ್ಲಿ ಮಾರುವ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿತು. ಸುಮಾರು 70 ಶೇಕಡಾ ಪುಡಿಗಳಲ್ಲಿ ಪ್ರೊಟೀನಿನ ಲೆಕ್ಕ ಲೇಬಲ್ಲಿನಂತೆ ಇರಲಿಲ್ಲ. ಲಿವರ್ ಚೆನ್ನಾಗಿರುವ ಹುಡುಗ ತಡೆದುಕೊಂಡಾನು. ಶಿರಸಿ ಅಣ್ಣನ ಅಪ್ಪಯ್ಯನಿಗೆ ಅಂಥ ಪ್ರಯೋಗ ಬೇಡ. ಡಬ್ಬಿಯ ಲೇಬಲ್ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ, ಆಮೇಲೆ ನೋಡೋಣ.

ಅಂಕೋಲಾ ಔಷಧಂಗಡಿ:
ನಾನು ಮೆಡಿಕಲ್ ಶಾಪ್ ಇಟ್ಟವನು. ಒಂದು ಮಾತು ಸೇರಿಸ್ತೇನೆ. "ಲಿವರ್ ಪುಡಿ ಕೊಡಿ" ಎಂದು ಕೇಳಿಕೊಂಡು ಬರ್ತಾರೆ. ಆ ಹೆಸರಲ್ಲಿ ಮೂರು ಬೇರೆ ಬೇರೆ ಸಾಮಾನು ಇದೆ. ಒಂದು, ಲೋಲಾ ಎನ್ನುವ ಸ್ಯಾಶೆ. ಅದು ಆರ್ನಿಥಿನ್ ಮತ್ತು ಆಸ್ಪಾರ್ಟೇಟ್, ಅದೂ ಅಮೈನೋ ಆಸಿಡ್ಡೇ. ಆದರೆ ಅಮೋನಿಯಾ ಇಳಿಸಲು ಕೊಡುವ ಔಷಧಿ, ಆಹಾರವಲ್ಲ. ಇನ್ನೊಂದು, ಬಿಸಿಎಎ ಇರುವ ಪುಡಿ. ಮತ್ತೊಂದು, ಮಾಮೂಲಿ ಪ್ರೊಟೀನ್ ಪುಡಿ. ಮನೆಯವರು ಒಂದರ ಬದಲು ಇನ್ನೊಂದು ಒಯ್ಯುತ್ತಾರೆ, ನೋಡಲಿಕ್ಕೆ ಒಂದೇ ಥರ ಕಾಣ್ತದೆ. ದಯವಿಟ್ಟು ಚೀಟಿ ಹಿಡಿದುಕೊಂಡೇ ಬನ್ನಿ. ಖಾಲಿ ಸ್ಯಾಶೆಯಾದರೂ ತನ್ನಿ.

ಮತ್ತೆ, ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ್ದು ಸಿರೋಸಿಸ್ ಇರುವವರಿಗೆ ಸುಮ್ನೆ ಕೊಡಬೇಡಿ. ಕಿಡ್ನಿಗೆ ಪೆಟ್ಟು ಬೀಳ್ತದೆ.

ಶಿರಸಿ ಸೀಮೆ:
ಡಬ್ಬಿ ಎತ್ತಿಟ್ಟೆ. ಡಾಕ್ಟರ ಹತ್ತಿರ ಹೋಗುವಾಗ ಒಯ್ಯುತ್ತೇನೆ. ಹಾಗಾದರೆ ಊಟದಲ್ಲೇ ಎಷ್ಟು ಪ್ರೊಟೀನ್ ಬರುತ್ತದೆ ಅಕ್ಕ? ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ನೀರು ಇಳಿದ ಮೇಲೆ ಅವರ ತೂಕ 55 ಕಿಲೋ.

ಕುಮಟಾದ ಆಹಾರತಜ್ಞೆ:
ನೀರು ಇಳಿದ ಮೇಲಿನ ತೂಕ ಹೇಳಿದ್ದು ಒಳ್ಳೆಯದಾಯಿತು. ಹೊಟ್ಟೆಯಲ್ಲಿ ನೀರು ಇದ್ದಾಗ ತಕ್ಕಡಿ ಮೋಸ ಮಾಡುತ್ತದೆ. ತೂಕ ಹಾಗೇ ಇದೆ ಎಂದುಕೊಳ್ಳುತ್ತೇವೆ, ಒಳಗೆ ಮಾಂಸಖಂಡ ಹೋಗಿರುತ್ತದೆ. ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದಿಡಿ.

55 ಕಿಲೋಗೆ 66ರಿಂದ 82 ಗ್ರಾಂ ಪ್ರೊಟೀನ್ ಬೇಕು. ಶಕ್ತಿ ಸುಮಾರು 1,900 ಕ್ಯಾಲೊರಿ. ಈಗಿನ ಪಥ್ಯದಲ್ಲಿ ಏನಿದೆ? ದಿನಕ್ಕೆ 200 ಗ್ರಾಂ ಅಕ್ಕಿ ಎಂದು ಹಿಡಿದರೆ, ಗಂಜಿ, ತೆಳ್ಳೇವು (ತೆಳು ದೋಸೆ) ಎಲ್ಲ ಸೇರಿ 14 ಗ್ರಾಂ. ತಂಬುಳಿಯ ಮಜ್ಜಿಗೆ, ತರಕಾರಿ ಸೇರಿಸಿದರೂ 20 ಗ್ರಾಂ ಆಸುಪಾಸು. ಬೇಕಾದ್ದರ ಮೂರನೇ ಒಂದು ಭಾಗವೂ ಇಲ್ಲ.

ಈಗ ಅದೇ ಅಡುಗೆಮನೆಯಲ್ಲಿ ನೋಡಿ. ಅರ್ಧ ಲೀಟರ್ ಹಾಲು 16 ಗ್ರಾಂ. 60 ಗ್ರಾಂ ತೊಗರಿಬೇಳೆ 13. ಎರಡು ಬಟ್ಟಲು ಮೊಸರು 6. ಒಂದು ಮುಷ್ಟಿ ಹೆಸರುಕಾಳು ಮೊಳಕೆ ಬರಿಸಿ ಬೇಯಿಸಿದರೆ 7. ಒಂದು ಮುಷ್ಟಿ ನೆಲಗಡಲೆ 6. ಅಕ್ಕಿಯ 14 ಇದ್ದೇ ಇದೆ. ಇಲ್ಲಿಗೆ 62 ಆಯಿತು. 20 ಗ್ರಾಂ ಸೋಯಾ ಉಂಡೆಯನ್ನು ಪಲ್ಯಕ್ಕೆ ಹಾಕಿದರೆ ಇನ್ನೊಂದು 10. ಪುಡಿ ಇಲ್ಲದೆಯೇ 72 ಗ್ರಾಂ. ಇಷ್ಟು ಪ್ರೊಟೀನಿನೊಳಗೆ ಆ ಮೂರು ಬಿಸಿಎಎಯೂ 11ರಿಂದ 14 ಗ್ರಾಂ ಬಂದಿರುತ್ತದೆ, ಉಳಿದ ಆರರ ಜೊತೆಗೆ. ಬರೀ ಗಂಜಿ ಉಂಡು ಅಭ್ಯಾಸ ಆದವರಿಗೆ ಒಮ್ಮೆಲೇ ಇಷ್ಟು ಕೊಡಬೇಡಿ. ಒಂದೊಂದೇ ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ.

ನೆಲಗಡಲೆ ಬಗ್ಗೆ ಎಚ್ಚರ. ನಮ್ಮ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟಿನ ಅಫ್ಲಾಟಾಕ್ಸಿನ್ ಲಿವರಿಗೆ ನೇರ ವಿಷ, ಕ್ಯಾನ್ಸರಿಗೂ ಕಾರಣ. ಹುರಿದರೂ ಪೂರ್ತಿ ಹೋಗದು. ಕಹಿ ಹತ್ತಿದ, ಸುಕ್ಕಿದ, ಬಣ್ಣ ತಿರುಗಿದ ಕಾಳು ಎಸೆಯಿರಿ. ದನಕ್ಕೂ ಹಾಕಬೇಡಿ.

ತುಪ್ಪ, ಎಣ್ಣೆ ಪೂರ್ತಿ ಬಿಡಿಸುವುದಕ್ಕೂ ಕಾರಣ ಇಲ್ಲ. ಒಗ್ಗರಣೆಗೆ, ದೋಸೆಗೆ ಬೇಕಾದಷ್ಟು ಇರಲಿ. ಇಲ್ಲದಿದ್ದರೆ 1,900 ಕ್ಯಾಲೊರಿ ಮುಟ್ಟುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಮಲಗುವ ಮುಂಚಿನ ತಿಂಡಿ. ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ದೋಸೆ ತಿಂದರೆ ಹನ್ನೆರಡು ಗಂಟೆ ಖಾಲಿ. 2008ರಲ್ಲಿ ನ್ಯೂಜಿಲೆಂಡ್‌ನ ಒಂದು ಅಧ್ಯಯನ ಬಂತು. ಒಂದೇ ಪೌಷ್ಟಿಕ ಪೇಯವನ್ನು ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಕೊಟ್ಟರು. ವರ್ಷದ ಕೊನೆಗೆ ರಾತ್ರಿ ಕುಡಿದವರ ಮೈಯಲ್ಲಿ ಪ್ರೊಟೀನ್ ಕೂಡಿತ್ತು, ಹಗಲು ಕುಡಿದವರಲ್ಲಿ ಇಲ್ಲ. ಮನೆಯಲ್ಲಿ ಮಾಡಲು ಸುಲಭ: ಹತ್ತು ಗಂಟೆಗೆ ಒಂದು ದೊಡ್ಡ ಬಟ್ಟಲು ಅವಲಕ್ಕಿ, ಒಂದು ಲೋಟ ಬಿಸಿ ಹಾಲು. ಸಕ್ಕರೆ ಕಾಯಿಲೆ ಇದೆಯಲ್ಲ, ಹಾಗಾಗಿ ಬೆಲ್ಲ ಬೇಡ. ರಾತ್ರಿ ತಿಂಡಿ ಶುರು ಮಾಡುವಾಗ ಇನ್ಸುಲಿನ್, ಮಾತ್ರೆಯ ಬಗ್ಗೆ ಡಾಕ್ಟರಿಗೆ ಹೇಳಿ, ಬೆಳಗಿನ ಶುಗರ್ ನೋಡ್ತಾ ಇರಿ.

ಶಿರಸಿ ಸೀಮೆ:
ಅಪ್ಪಯ್ಯ ಸಂಕಷ್ಟಿ ಮಾಡ್ತಾರೆ ಅಕ್ಕ. ಚಂದ್ರೋದಯ ಆಗದೆ ಊಟ ಇಲ್ಲ. ಮಳೆಗಾಲದಲ್ಲಿ ಚಂದ್ರ ಕಾಣೋದೇ ಇಲ್ಲ, ಪಂಚಾಂಗದ ಹೊತ್ತು ನೋಡಿ ಏಳ್ತಾರೆ. ಬಿಡಿ ಎಂದರೆ ಬೇಸರ ಮಾಡಿಕೊಳ್ತಾರೆ.

ಯಲ್ಲಾಪುರ ತೋಟಿಗ:
ಅದಕ್ಕೆ ನಾನು ಹೇಳ್ತೇನೆ. ಕಾಯಿಲೆಯವರಿಗೆ, ಬಾಣಂತಿಯರಿಗೆ, ಮುದುಕರಿಗೆ ಉಪವಾಸದ ಕಟ್ಟು ಇಲ್ಲ ಎಂದು ಹಿರಿಯರೇ ಹೇಳಿಕೊಂಡು ಬಂದದ್ದು. ಪುರೋಹಿತರನ್ನು ಮನೆಗೆ ಕರೆದು ಅವರ ಬಾಯಲ್ಲೇ ಹೇಳಿಸು. ಮಗ ಹೇಳಿದ್ದಕ್ಕಿಂತ ಅವರು ಹೇಳಿದ್ದು ಬೇಗ ನಾಟುತ್ತದೆ. ಹಾಲು, ಹಣ್ಣು, ನೆಲಗಡಲೆ ಫಲಾಹಾರಕ್ಕೆ ನಡೆಯುತ್ತದಲ್ಲ. ಪೂಜೆ ಅವರು ಮಾಡಲಿ, ಪೂರ್ತಿ ನಿರಾಹಾರ ಬೇಡ.

ಮತ್ತೆ ಆಹಾರತಜ್ಞೆ ತಂಗಿ, ಕಿರುನೆಲ್ಲಿ, ಅಮೃತಬಳ್ಳಿ ಕಷಾಯದ ಬಗ್ಗೆ ಏನು ಹೇಳ್ತೀರಿ? ನಮ್ಮಲ್ಲಿ ಕಾಮಾಲೆ ಎಂದರೆ ಮೊದಲು ಅದೇ.

ಕುಮಟಾದ ಆಹಾರತಜ್ಞೆ:
ಸಂಕಷ್ಟಿಗೆ ನಿಮ್ಮ ದಾರಿ ಬಹಳ ಚೆನ್ನಾಗಿದೆ ಅಣ್ಣ. ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ.

ಕಷಾಯದ್ದು ನೇರವಾಗಿ ಹೇಳ್ತೇನೆ. ನೀರಿನಿಂದ ಬರುವ ಕಾಮಾಲೆ, ಅಂದರೆ ಹೆಪಟೈಟಿಸ್ ಎ ಥರದ್ದು, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಆಗ ಏನು ಕುಡಿದಿದ್ದರೋ ಅದಕ್ಕೆ ಹೆಸರು ಬರುತ್ತದೆ. ಸಿರೋಸಿಸ್ ಹಾಗಲ್ಲ. ಅಮೃತಬಳ್ಳಿ ಕುಡಿದು ಲಿವರಿಗೆ ಪೆಟ್ಟಾದವರ ವರದಿ ಕೊರೋನಾ ಕಾಲದಲ್ಲಿ ಮುಂಬೈಯ ವೈದ್ಯರಿಂದ ಬಂತು, ಆಮೇಲೆ ಬೇರೆ ಊರುಗಳಿಂದಲೂ ಬಂತು. ಸಿರೋಸಿಸ್ ಇರುವವರಿಗೆ ಅದು ಬೇಡವೇ ಬೇಡ.

ನಮ್ಮ ಉಪ್ಪಾಗೆಯ ವಿಷಯವನ್ನೂ ಹೇಳಬೇಕು. ಸಿಪ್ಪೆ ಒಣಗಿಸಿ ಸಾರಿಗೆ ಹಾಕುವುದು ಬೇರೆ. ಅದೇ ಹಣ್ಣಿನ ಸಾರವನ್ನು ಗಟ್ಟಿ ಮಾಡಿ ಗಾರ್ಸಿನಿಯಾ ಎಂದು ತೂಕ ಇಳಿಸುವ ಗುಳಿಗೆಯಾಗಿ ಮಾರುತ್ತಾರೆ. ಅದರಿಂದ ಲಿವರ್ ಕೆಟ್ಟವರಿದ್ದಾರೆ. ಫ್ಯಾಟಿ ಲಿವರ್ ಎಂದು ಹೆದರಿ ಆ ಗುಳಿಗೆ ನುಂಗಬೇಡಿ.

ಕಾರವಾರ ಕಡಲತಡಿ:
ಇಷ್ಟು ಹೊತ್ತು ಓದ್ತಾ ಇದ್ದೆ. ನಮ್ಮ ಮನೆಯವರಿಗೆ ಸಿರೋಸಿಸ್, ಅವರದ್ದು ಕುಡಿತದಿಂದ ಬಂದದ್ದು. ಈಗ ಪೂರ್ತಿ ಬಿಟ್ಟಿದ್ದಾರೆ, ದೇವರ ದಯೆ. ನಮ್ಮದು ಮೀನುಗಾರರ ಮನೆ. ಮೀನಿಲ್ಲದೆ ಅವರಿಗೆ ತುತ್ತು ಇಳಿಯೋದಿಲ್ಲ. ಪಥ್ಯ ಎಂದು ಮೀನು ಬಿಡಿಸಿ ಬರೀ ಕುಚ್ಚಲಕ್ಕಿ ಗಂಜಿ ಕೊಡ್ತಾ ಇದ್ದೇವೆ. ಹೊಟ್ಟೆ ನೀರು ಮಾತ್ರ ಮತ್ತೆ ಮತ್ತೆ ತುಂಬ್ತದೆ. ಮೀನು ಕೊಡಬಹುದಾ ಅಕ್ಕ?

ಕುಮಟಾದ ಆಹಾರತಜ್ಞೆ:
ಕೊಡಿ. ಕುಡಿತ ಬಿಟ್ಟದ್ದು ಎಲ್ಲಕ್ಕಿಂತ ದೊಡ್ಡ ಔಷಧಿ, ಅದನ್ನು ಅವರಿಗೆ ನನ್ನ ಪರವಾಗಿ ಹೇಳಿ. 100 ಗ್ರಾಂ ಬಂಗಡೆಯಲ್ಲೋ ತಾರ್ಲೆಯಲ್ಲೋ ಸುಮಾರು 18ರಿಂದ 20 ಗ್ರಾಂ ಪ್ರೊಟೀನ್ ಇದೆ, ಒಂಬತ್ತೂ ಅಮೈನೋ ಆಸಿಡ್ ಇವೆ. ಗಂಜಿಯ ಜೊತೆ ಕೊಡಿ.

ಬಳಚು, ಚಿಪ್ಪಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಹಸಿಯಾಗಿ, ಅರೆಬೆಂದು ಬೇಡ. ಬಾಯಿ ತೆರೆದ ಮೇಲೂ ಇನ್ನಷ್ಟು ಹೊತ್ತು ಚೆನ್ನಾಗಿ ಕುದಿಸಿ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೋ ವಲ್ನಿಫಿಕಸ್ ಎಂಬ ರೋಗಾಣು ಇರುತ್ತದೆ. ಲಿವರ್ ಚೆನ್ನಾಗಿರುವವರಿಗೆ ಅದು ಸಾಮಾನ್ಯವಾಗಿ ಅಷ್ಟು ಕಾಡದು, ಸಿರೋಸಿಸ್ ಇರುವವರಿಗೆ ಒಂದೆರಡು ದಿನದಲ್ಲೇ ಜೀವಕ್ಕೆ ತರುತ್ತದೆ. ಕಾಲಲ್ಲಿ ಗಾಯ ಇದ್ದಾಗ ಕಾಳಿ ಹೊಳೆಯ ಅಳಿವೆಯಲ್ಲಿ, ಸಮುದ್ರದಲ್ಲಿ ಇಳಿಯುವುದೂ ಬೇಡ. ಗಾಯದ ಮೂಲಕವೂ ಬರುತ್ತದೆ.

ಇನ್ನು ಹೊಟ್ಟೆಯ ನೀರು. ಅದು ಉಪ್ಪಿನ ವಿಷಯ. ಇಡೀ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಸಪಾಟಾಗಿ ಒಂದು ಚಹಾ ಚಮಚ. ಗಂಜಿಗೆ ನೆಂಚಿಕೊಳ್ಳಲು ಏನು ಕೊಡ್ತೀರಿ?

ಕಾರವಾರ ಕಡಲತಡಿ:
ಉಪ್ಪಿನಕಾಯಿ, ಸುಟ್ಟ ಒಣ ಬಂಗಡೆ. ಅದು ಮೀನಿನ ಲೆಕ್ಕಕ್ಕೆ ಬರ್ತದೆ ಎಂದು ಚೂರೇ ಚೂರು.

ಕುಮಟಾದ ಆಹಾರತಜ್ಞೆ:
ನೀರು ತುಂಬಲು ಅದು ದೊಡ್ಡ ಕಾರಣ ಇರಬೇಕು ಅಕ್ಕ. ತಾಜಾ ಮೀನು ಬಿಡಿಸಿ ಒಣ ಮೀನು, ಉಪ್ಪಿನಕಾಯಿ ಕೊಟ್ಟರೆ ಪ್ರೊಟೀನು ಹೋಗಿ ಉಪ್ಪು ಬಂದಂತಾಯಿತು. ತಾಜಾ ಮೀನಿನ ಸಾರು ಮಾಡಿ. ಮುರುಗಲ ಸಿಪ್ಪೆ ಹಾಕುತ್ತೀರಾದರೆ ಉಪ್ಪು ಸವರದೆ ಒಣಗಿಸಿದ್ದು ಹಾಕಿ. ಕಾಯಿ, ಕೊತ್ತಂಬರಿ, ಕಾಳುಮೆಣಸು, ಲಿಂಬು ಇದ್ದರೆ ಉಪ್ಪು ಕಡಿಮೆಯಾದದ್ದು ಅಷ್ಟು ಕಾಡುವುದಿಲ್ಲ. ಪೂರ್ತಿ ಸಪ್ಪೆ ಮಾಡಿ ಅವರು ಊಟವನ್ನೇ ಬಿಡುವಂತೆ ಆಗಬಾರದು.

ಅಂಕೋಲಾ ಔಷಧಂಗಡಿ:
"ಕಡಿಮೆ ಸೋಡಿಯಂ ಉಪ್ಪು" ಎಂದು ಪ್ಯಾಕೆಟ್ ಬರ್ತದೆ. ಅದನ್ನು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರ್ತದೆ. ನೀರಿಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಪೊಟ್ಯಾಸಿಯಂ ಏರಿಸ್ತದೆ. ಎರಡೂ ಸೇರಿದರೆ ಹೃದಯದ ಬಡಿತ ತಪ್ಪುವ ಅಪಾಯ.

ಕಾರವಾರ ಕಡಲತಡಿ:
ಇನ್ನೊಂದು ಕೇಳ್ಲಾ? ಜೂನ್, ಜುಲೈ ಬೋಟು ನಿಂತಿರ್ತದೆ. ಆಗ ತಾಜಾ ಮೀನು ಸಿಕ್ಕರೂ ಕೈಗೆ ಎಟುಕದ ರೇಟು. ಒಣ ಶೆಟ್ಲಿ (ಸಿಗಡಿ) ಮನೆಯಲ್ಲೇ ಇರ್ತದೆ. ನೀರಲ್ಲಿ ನೆನೆಸಿ ಉಪ್ಪು ತೆಗೆದರೆ ಆಗ್ತದಾ?

ಕುಮಟಾದ ಆಹಾರತಜ್ಞೆ:
ನೆನೆಸಿದರೆ ಸ್ವಲ್ಪ ಉಪ್ಪು ಹೋಗುತ್ತದೆ, ಎಷ್ಟು ಉಳಿಯಿತು ಎಂದು ಮನೆಯಲ್ಲಿ ಅಳೆಯಲಿಕ್ಕಾಗದು. ಹೊಟ್ಟೆಯಲ್ಲಿ ನೀರು ಇರುವ ತನಕ ಅವರ ತಟ್ಟೆಗೆ ಬೇಡ, ಉಳಿದವರು ತಿನ್ನಿ. ಆ ಎರಡು ತಿಂಗಳು ಮೊಟ್ಟೆ ಇಟ್ಟುಕೊಳ್ಳಿ, ಒಂದರಲ್ಲಿ 6 ಗ್ರಾಂ ಪ್ರೊಟೀನ್. ಬೆಳಿಗ್ಗೆ ಒಂದು, ಸಂಜೆ ಒಂದು. ಹೊಳೆ ಮೀನು ಸಿಕ್ಕ ದಿನ ಅದು. ಮಧ್ಯಾಹ್ನ ಹೆಸರುಕಾಳಿನ ಗಸಿ, ರಾತ್ರಿ ಹತ್ತಕ್ಕೆ ಹಾಲು ಅವಲಕ್ಕಿ. ಒಂದು ವಾರ ಏನೇನು ಉಂಡರು, ಬೆಳಗಿನ ತೂಕ ಎಷ್ಟು ಎಂದು ಬರೆದು ಇಲ್ಲೇ ಹಾಕಿ, ಒಟ್ಟಿಗೆ ಕೂತು ಲೆಕ್ಕ ನೋಡೋಣ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗಲೂ ಅದೇ ಹಾಳೆ ಒಯ್ಯಿರಿ.